ಹೊಸ್ತಿಲಿಗೆ ಬಂದ ಹಕ್ಕಿಗಳು

ಕರ್ನಾಟಕದ ನಕಾಶೆಯ ನೆತ್ತಿಯಲ್ಲಿ ಔರಾದ್ ತಾಲ್ಲೂಕಿದೆ. ಹಿಮಾಲಯದ ಆಚೆಯಿಂದ ನೇರ ತೆಂಕಣಕ್ಕೆ ಹಾರಿಬರುವ ಹಕ್ಕಿಗೆ ಕನ್ನಡದ ಮೊದಲ ನೆಲ, ಮೊದಲ ನೀರು ನಮ್ಮದೇ. ಸಂತಪುರದ ಕರಿಹೊಲಗಳಲ್ಲಿ ಕಡಲೆ ಹೂಬಿಟ್ಟು ಬಿಳಿಜೋಳ ತೆನೆಗಟ್ಟುವ ದಿನಗಳಲ್ಲಿ ಈ ಸಂಗತಿ ನೆನಪಾಗಿ, ಗೂಟದಲ್ಲಿದ್ದ ದುರ್ಬೀನು ನನ್ನ ಕೊರಳಿಗೆ ಬರುತ್ತದೆ.

ನಸುಕಿನಲ್ಲಿ ಬೀದರ್ ದಾರಿ ಹಿಡಿದರೆ ಕೌಠಾದ ಹತ್ತಿರ ಮಾಂಜ್ರಾ. ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ ಗೋದಾವರಿಗೆ ಹೊರಟ ಹೊಳೆ ನಡುವೆ ನಮ್ಮ ಜಿಲ್ಲೆಯನ್ನು ಹಾದುಹೋಗುತ್ತದೆ. ಮಂಜು ಇನ್ನೂ ನೀರನ್ನು ಬಿಟ್ಟಿರುವುದಿಲ್ಲ. ಆ ಮಸುಕಿನಲ್ಲಿ ಕಪ್ಪುಬಿಳಿ ಮಿಂಚುಳ್ಳಿಯೊಂದು ಕೊಕ್ಕನ್ನು ನೇರ ಕೆಳಗಿಟ್ಟು, ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಲ್ಲುತ್ತದೆ. ಬೇರೆ ಮಿಂಚುಳ್ಳಿಗಳಿಗೆ ಕೊಂಬೆ ಬೇಕು, ಇದಕ್ಕೆ ಗಾಳಿಯೇ ಕೊಂಬೆ. ಮರುಗಳಿಗೆ ಕಲ್ಲು ಬಿದ್ದಂತೆ ನೀರಿಗೆ ಬೀಳುತ್ತದೆ. ಮೀನು ಸಿಕ್ಕಿತೋ ಇಲ್ಲವೋ ನೋಡುವುದನ್ನು ನಾನು ಎಷ್ಟೋ ಸಲ ಮರೆತಿದ್ದೇನೆ. ಆ ನಿಲುವೇ ಕಣ್ಣು ತುಂಬಿರುತ್ತದೆ.

ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಹಾಸಿನ ಮೇಲೆ. ಮಳೆನೀರು ಆ ಕೆಂಪುಕಲ್ಲಿನಲ್ಲಿ ಇಂಗಿ, ಅಡಿಯ ಗಟ್ಟಿ ಕರಿಕಲ್ಲಿಗೆ ತಡೆದು, ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನಾನಕ್ ಝೀರಾ, ನರಸಿಂಹ ಝರಣಿ ಎರಡೂ ಹೀಗೆ ಕಲ್ಲು ಸೋಸಿ ಕೊಟ್ಟ ನೀರು. ಗುಡಿಯ ಮಗ್ಗುಲಿನ ಪಾಪನಾಶ ಕೆರೆಯ ದಂಡೆಯಲ್ಲಿ ಕುಳಿತರೆ ನಾಮದಕೋಳಿಗಳು ಕಾಣುತ್ತವೆ: ಮೈಯೆಲ್ಲ ಮಸಿಗಪ್ಪು, ಹಣೆಯ ಮೇಲೆ ಒಂದೇ ಒಂದು ಬಿಳಿಯ ನಾಮ. ಬೀದರಿನವರಿಗೆ ಈ ಕಪ್ಪುಬೆಳ್ಳಿಯ ಜೋಡಿ ಹೊಸದಲ್ಲ. ಬಿದ್ರಿಯ ಕುಶಲಿಗರು ಕೋಟೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಅದರಲ್ಲಿ ಹೂಜಿಯನ್ನು ಅದ್ದಿದಾಗ ಸತುವು ಕಪ್ಪಾಗುತ್ತದೆ, ಬೆಳ್ಳಿಯ ಎಳೆ ಮಾತ್ರ ಬೆಳ್ಳಗೇ ಉಳಿಯುತ್ತದೆ. ಬೆಳ್ಳಿಗೆ ಬೆಲೆ ಬರುವುದು ಸುತ್ತಲಿನ ಕಪ್ಪಿನಿಂದ. ನಾಮದಕೋಳಿಯ ಹಣೆಯೂ ಹಾಗೆಯೇ. ಅದರ ಪಕ್ಕದಲ್ಲೇ ಗುಳುಮುಳುಕ ಮುಳುಗುತ್ತದೆ. ಅದು ಎಲ್ಲಿ ಏಳುತ್ತದೆಂದು ಊಹಿಸುತ್ತ ಕೂತರೆ ಬಿಸಿಲೇರಿದ್ದು ತಿಳಿಯುವುದಿಲ್ಲ.

ಆದರೆ ಚಳಿಗಾಲದ ದೊಡ್ಡ ಸಭೆ ನೆರೆಯುವುದು ಭಾಲ್ಕಿ ಸೀಮೆಯ ಬ್ಯಾಲಹಳ್ಳಿಯ ಬಳಿ, ಕಾರಂಜಾ ಹಿನ್ನೀರಿನಲ್ಲಿ. 7.69 ಟಿಎಂಸಿ ಅಡಿ ಹಿಡಿಯುವ ಜಲಾಶಯ ಸ್ವಲ್ಪಸ್ವಲ್ಪವೇ ಹಿಂದೆ ಸರಿದಂತೆ ದಂಡೆಯಲ್ಲಿ ಹಸಿ ಕೆಸರು ತೆರೆಯುತ್ತದೆ. ಉದ್ದ ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ ಆ ಕೆಸರನ್ನು ಎಣಿಸಿದಂತೆ ಹೆಜ್ಜೆಯಿಡುತ್ತದೆ. ಕಡಲೆ ಹೊಲದ ಬದುವಿನಿಂದ ಟಿಟ್ಟಿಭ ಕೂಗಿ ನನ್ನ ಬರವನ್ನು ಎಲ್ಲರಿಗೂ ಸಾರುತ್ತದೆ. ಸಾರಿದ ಮೇಲೆ ಅಲುಗಾಡದೆ ಕೂರಬೇಕು. ಅರ್ಧ ಗಂಟೆಗೆ ನೀರು ನಮ್ಮನ್ನು ಮರೆಯುತ್ತದೆ.

ಆಗ ಕಾಣುವುದು ಚಕ್ರವಾಕ. ಕಾವ್ಯಗಳಲ್ಲಿ ಮಾತ್ರ ಇದೆಯೆಂದು ಬಹಳ ಜನ ತಿಳಿದ ಹಕ್ಕಿ. ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳ ಬಳಿ ಮರಿಮಾಡಿ ಚಳಿಗೆ ಇಳಿದುಬರುವ ಬಾತು ಅದು. ಕೇಸರಿಗೆ ತುಸು ಇಟ್ಟಿಗೆ ಬೆರೆಸಿದ ಮೈ, ಕೆನೆಬಣ್ಣದ ತಲೆ. ಕೂತಾಗ ಶಾಂತವಾಗಿದ್ದ ಆ ಬಣ್ಣ, ಹಾರಿದೊಡನೆ ರೆಕ್ಕೆಯ ಅಚ್ಚಬಿಳಿ ಬಿಚ್ಚಿಕೊಂಡು ಬೇರೆಯೇ ಹಕ್ಕಿಯಾಗುತ್ತದೆ.

ಎಳ್ಳಮಾವಾಸ್ಯೆಯ ದಿನ ನಾವು ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು, ಅಂಬಲಿ ಕುಡಿದು ದಂಡೆಗೆ ಬಂದು ಕೂರುತ್ತೇವೆ. ಹೊತ್ತು ಮುಳುಗುವಾಗ ಒಂದು ಚಕ್ರವಾಕ ಆಚೆ ದಡದಿಂದ ಮೂಗಿನಲ್ಲಿ ಕೂಗುತ್ತದೆ. ಇರುಳು ಜೋಡಿಯನ್ನು ಅಗಲಿಸುತ್ತದೆಂದು ಕವಿಗಳು ನಂಬಿದ್ದು ಈ ಕೂಗನ್ನು ಕೇಳಿಯೇ ಇರಬೇಕು. ನಾನು ಉಸಿರು ಹಿಡಿದು ಕಾಯುತ್ತೇನೆ. ಕತ್ತಲು ತುಂಬಿದ ನೀರಿನ ಮೇಲೆ, ಈಚೆ ದಡದಿಂದ, ತೀರಾ ಹತ್ತಿರದಲ್ಲೇ, ಇನ್ನೊಂದು ಓಗೊಡುತ್ತದೆ.