ಬರಿದಾಗಿರುವ ಕನ್ನಡದ ಗೂಡು

ಇಂಡಿಯಿಂದ ಸಿಂದಗಿಗೆ, ಅಲ್ಲಿಂದ ಬಸವನ ಬಾಗೇವಾಡಿಯ ಮಾರ್ಗವಾಗಿ ಮುದ್ದೇಬಿಹಾಳಕ್ಕೆ ಗಣಕಯಂತ್ರಗಳನ್ನು ಸರಿಪಡಿಸುತ್ತ ಸಂಚರಿಸುವ ನನಗೆ, ಜೋಳದ ಹೊಲಗಳ ನಡುವೆ ಮೊಬೈಲ್ ಸಿಗ್ನಲ್ ಲುಪ್ತವಾದ ಮೇಲೂ ಉತ್ತರವೀಯಬಲ್ಲ ಗ್ರಂಥವೆಂದರೆ, 1971ರ ನವೆಂಬರ್ 3ರಂದು ಬೆಲ್ ಪ್ರಯೋಗಾಲಯದಲ್ಲಿ ಹೊರಬಂದ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿಯವರ ಯುನಿಕ್ಸ್ ಕೈಪಿಡಿಯ ವಂಶಕ್ಕೆ ಸೇರಿದ, ಯಂತ್ರದೊಳಗೇ ವಾಸಿಸುವ ಮ್ಯಾನ್ ಪುಟಗಳು.

ಕಳೆದ ವಾರ ಸಿಂದಗಿಯಲ್ಲಿ, ಅತ್ಯಲ್ಪ ಅಂಗಗಳಿಂದ ಯಾರೋ ಕಟ್ಟಿಕೊಟ್ಟಿದ್ದ ಡೆಬಿಯನ್ ಯಂತ್ರವೊಂದರಲ್ಲಿ ಆ ಗ್ರಂಥವೇ ಇಲ್ಲದುದನ್ನು ಕಂಡು ನನಗೆ ನಿಜವಾಗಿ ವ್ಯಥೆಯಾಯಿತು. ಸ್ಥಳವನ್ನುಳಿಸಲು ಮೊದಲು ತ್ಯಜಿಸತಕ್ಕದ್ದು ಜ್ಞಾನವೇ? ಪುಟಗಳನ್ನು ತೆರೆದು ತೋರುವ ಮ್ಯಾನ್-ಡಿಬಿ, ಸಾಮಾನ್ಯ ವಿಷಯಗಳ ಮ್ಯಾನ್‌ಪೇಜಸ್, ಪ್ರೋಗ್ರಾಂ ಬರೆಯುವವರಿಗಾಗಿ ಮ್ಯಾನ್‌ಪೇಜಸ್-ಡೆವ್ ಎಂಬ ಮೂರು ಪ್ಯಾಕೇಜುಗಳನ್ನು ಸ್ಥಾಪಿಸಿದೆನು.

ಈ ಕೈಪಿಡಿಯ ಎಂಟು ವಿಭಾಗಗಳ ಕ್ರಮವನ್ನು ಬಲ್ಲವನಿಗೇ ಅದರ ರುಚಿ. ಪಾಸ್‌ವರ್ಡ್ ಬದಲಿಸುವ ‘ಪಾಸ್‌ಡಬ್ಲ್ಯೂಡಿ’ ಆಜ್ಞೆ ಒಂದನೆಯ ವಿಭಾಗದಲ್ಲಿಯೂ, ಅದೇ ಹೆಸರಿನ ಕಡತದ ಸ್ವರೂಪ ಐದನೆಯದರಲ್ಲಿಯೂ ಇರುವುದರಿಂದ, ಅಂಕೆಯನ್ನು ಹೇಳದೆ ಕೇಳಿದವನಿಗೆ ಮೊದಲನೆಯದೇ ದೊರೆಯುತ್ತದೆ. ಕೈಯಾರೆ ತಂದಿಟ್ಟ ಪುಟಗಳಿದ್ದರಂತೂ ‘ಮ್ಯಾನ್‌ಡಿಬಿ’ ಆಜ್ಞೆಯಿಂದ ಸೂಚಿಯನ್ನು ಹೊಸದಾಗಿ ಕಟ್ಟಬೇಕು. ಇಲ್ಲವಾದರೆ ವಿಷಯವನ್ನು ಹಿಡಿದು ಹುಡುಕುವ ‘ಅಪ್ರೋಪೋಸ್’ಗೆ ಅವು ಗೋಚರಿಸಲಾರವು. ತಾಳೆಗರಿಗಳನ್ನು ಅರಸುತ್ತ ಊರೂರು ತಿರುಗಿದ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗಿಳಿಸುವವರೆಗೆ ಎಷ್ಟೋ ವಚನಗಳು ಮನೆಗಳ ಜಗುಲಿಯಲ್ಲಿ ಇದ್ದೂ ಓದುಗನಿಗೆ ಇಲ್ಲದಂತೆಯೇ ಇದ್ದುವೆಂಬುದು ಈ ಆಜ್ಞೆಯನ್ನು ಕೊಟ್ಟಾಗಲೆಲ್ಲ ನನಗೆ ನೆನಪಾಗುತ್ತದೆ.

ಮ್ಯಾನ್ ಪುಟಗಳ ಫೋಲ್ಡರಿನಲ್ಲಿ ಭಾಷೆಗೊಂದು ಗೂಡು ಇರಬಹುದು. ಕನ್ನಡದ್ದಕ್ಕೆ ‘ಕೆಎನ್’ ಎಂದು ಹೆಸರು. ಯಂತ್ರದ ಭಾಷೆಯನ್ನು ಕನ್ನಡಕ್ಕೆ ಹೊಂದಿಸಿದಲ್ಲಿ, ಮ್ಯಾನ್ ಮೊದಲು ಆ ಗೂಡನ್ನೇ ಶೋಧಿಸಿ, ಕಾಣದಿದ್ದಾಗ ಮಾತ್ರ ಇಂಗ್ಲಿಷ್ ಪುಟವನ್ನು ತೆರೆಯುತ್ತದೆ. ನನ್ನ ಯಂತ್ರದಲ್ಲಿ ಆ ಗೂಡು ಬರಿದಾಗಿತ್ತು. ಮೊನ್ನೆ ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಕುಳಿತು, ಕಡತಗಳ ಪಟ್ಟಿ ಕೊಡುವ ‘ಎಲ್‌ಎಸ್’ ಆಜ್ಞೆಯ ಪುಟವನ್ನು ಕನ್ನಡಿಸಿ ಅದರೊಳಗಿಟ್ಟೆನು. ಟರ್ಮಿನಲ್ಲಿನ ಸಮಾನ ಅಗಲದ ಮನೆಗಳಿಗೆ ಒಗ್ಗದ ಒತ್ತಕ್ಷರಗಳು ಅಲ್ಲಲ್ಲಿ ಚೆದರಿದುವಾದರೂ ಓದಲು ಅಡ್ಡಿಯಿರಲಿಲ್ಲ. ಬಾಗೇವಾಡಿಯ ಬಸ್ಸು ಬರುವಷ್ಟರಲ್ಲಿ, ಕಡತವನ್ನು ನಕಲಿಸುವ ‘ಸಿಪಿ’ಯ ಮೊದಲ ನಾಲ್ಕು ಸಾಲುಗಳೂ ಆಗಿದ್ದುವು.