ಪಂಚರತ್ನಂ ಕೇಳಿದ ಪ್ರಶ್ನೆ

ಸಂತೆಬಾಚಹಳ್ಳಿ ಸಂತೆಯಿಂದ ತಂದ ಗುಂಡನೆಯ ಕಲ್ಲಂಗಡಿ ಮೇಜಿನ ಮೇಲಿದೆ. ತೊಟ್ಟಿನ ಬುಡದಲ್ಲಿ ಬೆಂಕಿಕಡ್ಡಿಯನ್ನು ತಲೆ ಕೆಳಮುಖವಾಗಿಟ್ಟು, ತಿರುಗಿಸದೆ ನಡುಹೊಟ್ಟೆಯವರೆಗೆ ಜಾರಿಸುತ್ತೇನೆ. ಅಲ್ಲಿಂದ ಅಡ್ಡಕ್ಕೆ ಕಾಲು ಸುತ್ತು, ಮತ್ತೆ ನೇರ ತೊಟ್ಟಿಗೆ. ಎಲ್ಲೂ ತಿರುಗಿಸಿಲ್ಲ, ಆದರೂ ಕಡ್ಡಿ ಹೊರಟ ದಿಕ್ಕಿಗೆ 90 ಡಿಗ್ರಿ ಅಡ್ಡ ಬಿದ್ದಿದೆ. ಭೌತವಿಜ್ಞಾನಿ ಎಸ್. ಪಂಚರತ್ನಂ ಅವರ 1956ರ ಪ್ರಬಂಧಕ್ಕೆ ಇದಕ್ಕಿಂತ ಸಲೀಸಾದ ಪ್ರವೇಶ ನನಗೆ ಸಿಕ್ಕಿಲ್ಲ.

ಆಗ ಅವರಿಗೆ 22 ವರ್ಷ. ಬೆಂಗಳೂರಿನಲ್ಲಿ ಸೋದರಮಾವ ಸಿ.ವಿ. ರಾಮನ್ ಅವರ ಸಂಸ್ಥೆಯಲ್ಲಿ ಬೆಳಕನ್ನು ಹೀರುವ ಹರಳುಗಳನ್ನು ಪರೀಕ್ಷಿಸುತ್ತಿದ್ದರು. ಅಲ್ಲಿ ಎದುರಾದ ಪ್ರಶ್ನೆ: ಬೇರೆ ಬೇರೆ ಧ್ರುವೀಕರಣದ (ಬೆಳಕಿನ ಅಲೆ ಕಂಪಿಸುವ ಬಗೆಯ) ಎರಡು ಕಿರಣಗಳು ಹೆಜ್ಜೆ ಕೂಡಿಸಿವೆ ಎಂದು ಹೇಳುವುದು ಹೇಗೆ? ಎರಡನ್ನೂ ಬೆರೆಸಿದಾಗ ಬೆಳಕು ಅತಿ ಹೆಚ್ಚಾದರೆ ಕೂಡಿಸಿವೆ ಎಂದರು. ಪ್ರಬಂಧದ ಜೀವಾಳ ಈ ಒಂದು ಮಾತು. ಅದನ್ನು ಒಪ್ಪಿದೊಡನೆ ವಿಚಿತ್ರವೊಂದು ಹೊರಬೀಳುತ್ತದೆ: ಒಂದನೆಯದು ಎರಡನೆಯದಕ್ಕೂ ಎರಡನೆಯದು ಮೂರನೆಯದಕ್ಕೂ ಹೆಜ್ಜೆ ಕೂಡಿಸಿದರೂ, ಮೂರನೆಯದು ಒಂದನೆಯದಕ್ಕೆ ಕೂಡಿಸಬೇಕೆಂದಿಲ್ಲ. ಮೂರೂ ಧ್ರುವೀಕರಣಗಳನ್ನು ಗೋಳದ ಮೇಲೆ ಬಿಂದುಗಳಾಗಿ ಗುರುತಿಸಿದರೆ, ಅವು ಕಟ್ಟುವ ತ್ರಿಕೋನದ ಘನಕೋನದ (ಗೋಳದ ಕೇಂದ್ರದಿಂದ ಕಾಣುವ ಹರವಿನ) ಅರ್ಧದಷ್ಟು ವ್ಯತ್ಯಾಸ ಉಳಿಯುತ್ತದೆ. ನನ್ನ ಕಲ್ಲಂಗಡಿಯ ಮೇಲಿನ ತ್ರಿಕೋನಕ್ಕೆ, ಕಡ್ಡಿ ತಿರುಗಿದ 90ರ ಅರ್ಧ, 45 ಡಿಗ್ರಿ. ಅರ್ಧವೇ ಏಕೆ? ಗೋಳ ತ್ರಿಕೋನಮಿತಿ ಅದನ್ನು ಸಾಧಿಸುತ್ತದೆ, ಮನಸ್ಸಿಗೆ ಹತ್ತಿಸುವುದಿಲ್ಲ. ಪ್ರಬಂಧ ಹರಳಿನ ಕಸುಬಿನವರಿಗೆಂದೇ ಬರೆದ ಬಿಗಿ ಬರಹ. ಹೊರಗಿನವರಿಗೆ ಬಾಗಿಲು ತೆರೆಯುವುದಿಲ್ಲ.

1984ರಲ್ಲಿ ಭೌತವಿಜ್ಞಾನಿ ಮೈಕೆಲ್ ಬೆರಿ ಕ್ವಾಂಟಂ ವ್ಯವಸ್ಥೆಗಳಲ್ಲಿ ಇಂಥದ್ದನ್ನೇ ತೋರಿಸಿದ ಮೇಲೆ, 1986ರಲ್ಲಿ ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಹಳೆಯ ಪ್ರಬಂಧವನ್ನು ನೆನಪಿಸಿದರು. ಮರುವರ್ಷ ಬೆರಿಯೂ ಮನ್ನಣೆ ಕೊಟ್ಟರು. ಅಂದಿನಿಂದ ನಮ್ಮವರಿಗೆ 'ಬೆರಿಗಿಂತ ಮೊದಲೇ' ಎನ್ನುವುದೇ ಹೊಗಳಿಕೆ. ನನಗದು ಸಣ್ಣ ಹೊಗಳಿಕೆ. ಬೆರಿಯ ಮೊದಲ ವಾದಕ್ಕೆ ನಿಧಾನವಾಗಿ ಸುತ್ತಿ ಹೊರಟಲ್ಲಿಗೇ ಬರುವ ಷರತ್ತಿತ್ತು. ಪಂಚರತ್ನಂ ನಿಯಮಕ್ಕೆ ಅದು ಬೇಕಿಲ್ಲ. ಜೋಸೆಫ್ ಸ್ಯಾಮ್ಯುಯೆಲ್ ಮತ್ತು ರಾಜೇಂದ್ರ ಭಂಡಾರಿ 1988ರಲ್ಲಿ ರಾಮನ್ ಅವರ ಅದೇ ಸಂಸ್ಥೆಯಿಂದ ಈ ನಿಯಮವನ್ನು ಹಿಗ್ಗಿಸಿದಾಗ ಆ ಬಲ ಕಂಡಿತು.

ಹಾಗೆಂದು ಎಲ್ಲವನ್ನೂ ಪಂಚರತ್ನಂ ಹೆಸರಿಗೆ ಬರೆಯಲಾಗದು. ಅಣುವಿನೊಳಗೆ ಪರಮಾಣುಗಳ ಜೋಡಣೆ ಒಂದು ವಿಶೇಷ ಬಿಂದುವನ್ನು ಸುತ್ತಿ ಬಂದರೆ ಎಲೆಕ್ಟ್ರಾನ್ ಅಲೆಯ ಧನ-ಋಣ ಚಿಹ್ನೆ ಬದಲಾಗುವುದನ್ನು ಲಾಂಗೆಟ್-ಹಿಗಿನ್ಸ್ ಮತ್ತು ಸಂಗಡಿಗರು 1958ರಲ್ಲಿ ಬೇರೆ ದಾರಿಯಿಂದಲೇ ಕಂಡರು. ಬೆಂಗಳೂರಿನ ಪ್ರಬಂಧ ಬೆಳಕಿನಲ್ಲೇ ನಿಂತಿತ್ತು. ಪಂಚರತ್ನಂ ಬೆಳಕಿನಿಂದ ಪರಮಾಣುವಿನತ್ತ ಹೊರಳಿದ್ದು ಆಕ್ಸ್‌ಫರ್ಡಿಗೆ ಹೋದ ಮೇಲೆ. 1969ರಲ್ಲಿ, 35ನೆಯ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು. ಆ ಕೊನೆಯ ವರ್ಷಗಳ ಬರಹವನ್ನು, ಅವರನ್ನು ಹೊಗಳುವ ನಾವು, ತೆರೆದು ನೋಡುವುದೇ ಅಪರೂಪ.