ಬಾರ್ನಿಯ ಕೈಕೆಲಸ

‘ಮಿಷನ್: ಇಂಪಾಸಿಬಲ್’ ಎಂದೊಡನೆ ಟಾಮ್ ಕ್ರೂಸ್ ಎಲ್ಲಿಂದಲೋ ಜೋತುಬಿದ್ದಿರುವುದೇ ಕಣ್ಮುಂದೆ ಬರುವ ಈ ಕಾಲದಲ್ಲಿ ಬಾರ್ನಿ ಕೋಲಿಯರ್ ಯಾರು ಎಂಬುದರಿಂದಲೇ ಶುರುಮಾಡಬೇಕು. ಹಾಗೆ ಶುರುಮಾಡಬೇಕಾಗಿ ಬಂದಿರುವುದೇ ನನ್ನ ತಕರಾರು. 1966ರ ಸೆಪ್ಟೆಂಬರಿನಿಂದ 1973ರ ಮಾರ್ಚಿನವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ ಮೂಲ ಧಾರಾವಾಹಿಯಲ್ಲಿ ಅವನು ಗುಪ್ತಚರ ತಂಡದ ಎಲೆಕ್ಟ್ರಾನಿಕ್ಸ್ ತಜ್ಞ, ಉಪಕರಣ ಕಟ್ಟುವವನು, ಸ್ವಂತ ಕಂಪನಿಯ ಒಡೆಯ, ಕಪ್ಪು ಜನಾಂಗದವನು. ನಟ ಗ್ರೆಗ್ ಮಾರಿಸ್. ಏಳು ಸೀಸನ್, 171 ಕಂತುಗಳ ಆ ಧಾರಾವಾಹಿಯಲ್ಲಿ ನಾಯಕ ಬದಲಾದ, ವೇಷಗಾರ ಬದಲಾದ, ನಾಯಕಿಯರು ಮತ್ತೆ ಮತ್ತೆ ಬದಲಾದರು. ಮೊದಲ ಸೀಸನ್‌ನಿಂದ ಕೊನೆಯದರವರೆಗೂ ಉಳಿದವರು ಇಬ್ಬರೇ: ಬಾರ್ನಿ, ಮತ್ತು ಭಾರ ಎತ್ತುವ ವಿಲ್ಲಿಯಾಗಿ ಪೀಟರ್ ಲೂಪಸ್. ಕೈಯಿಂದ ಕೆಲಸ ಮಾಡುವ ಇಬ್ಬರು. ಆದರೂ ಈ ಧಾರಾವಾಹಿಯ ಬಗ್ಗೆ ಬರೆಯುವವರು ಮಾರ್ಟಿನ್ ಲ್ಯಾಂಡೋನ ಮುಖವಾಡಗಳಿಗೆ, ಬಾರ್ಬರಾ ಬೇನ್‌ಳ ಎಮ್ಮಿ ಪ್ರಶಸ್ತಿಗಳಿಗೆ, ಲಾಲೊ ಶಿಫ್ರಿನ್‌ನ ಐದು ಮಾತ್ರೆಯ ಸಂಗೀತಕ್ಕೆ ಪುಟಗಟ್ಟಲೆ ಕೊಡುತ್ತಾರೆ. ಬಾರ್ನಿಗೆ ಸಿಗುವುದು ಒಂದು ಪ್ಯಾರಾ. ಅದರಲ್ಲೂ ಅರ್ಧ ಅವನ ಮೈಬಣ್ಣದ ಬಗ್ಗೆ.

ಜಾಣ ತಂತ್ರಜ್ಞನ ಪಾತ್ರ ಎಂದರೆ ಎಲ್ಲರೂ ಮೊದಲು ಹೇಳುವುದು ಜೇಮ್ಸ್ ಬಾಂಡ್‌ನ ಕ್ಯೂ. ಡೆಸ್ಮಂಡ್ ಲೆವೆಲಿನ್ 1963ರಿಂದ 1999ರವರೆಗೆ ಹದಿನೇಳು ಚಿತ್ರಗಳಲ್ಲಿ ಆ ಪಾತ್ರ ಮಾಡಿದರು. ಜನ ಅವರನ್ನು ಪ್ರೀತಿಸಿದ್ದು ತಪ್ಪಲ್ಲ. ಆದರೆ ಆ ದೃಶ್ಯಗಳಲ್ಲಿ ನಡೆಯುವುದೇನು? ಕ್ಯೂ ಒಂದೊಂದೇ ಸಾಮಾನು ಎತ್ತಿ ತೋರಿಸುತ್ತಾನೆ, ಬಾಂಡ್ ಏನೋ ಚೇಷ್ಟೆ ಮಾಡುತ್ತಾನೆ, ಕ್ಯೂ ಗದರುತ್ತಾನೆ. ಆಮೇಲೆ ಕಥೆಯಲ್ಲಿ ಬರುವ ಅಪಾಯ ಆ ಸಾಮಾನಿನ ಅಳತೆಗೇ ಸರಿಯಾಗಿ ಹೊಲಿದಂತೆ ಬಂದು ನಿಲ್ಲುತ್ತದೆ. ಸಾಮಾನು ಹೇಗೆ ತಯಾರಾಯಿತು, ಎಷ್ಟು ಸಲ ಕೆಟ್ಟಿತು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಕ್ಯೂ ಉಗ್ರಾಣದ ಮೇಲ್ವಿಚಾರಕ. ಆ ಪಾತ್ರಕ್ಕೆ ಸಿಕ್ಕಿರುವ ಹೆಸರು ಅದರ ಕೆಲಸಕ್ಕಿಂತ ಬಹಳ ದೊಡ್ಡದು.

ಬಾರ್ನಿಯದು ಬೇರೆ ಜಾತಿಯ ಕಲ್ಪನೆ. ಧಾರಾವಾಹಿಯ ನಿರ್ಮಾತೃ ಬ್ರೂಸ್ ಗೆಲ್ಲರ್‌ಗೆ ಪ್ರೇರಣೆ ಕೊಟ್ಟದ್ದು ಜೂಲ್ಸ್ ಡಸ್ಸಿನ್‌ನ ‘ಟಾಪ್ಕಾಪಿ’ (1964). ಅದೇ ಡಸ್ಸಿನ್ 1955ರ ‘ರಿಫಿಫಿ’ಯಲ್ಲಿ ಸುಮಾರು ಅರ್ಧ ಗಂಟೆಯ ಕಳ್ಳತನವನ್ನು ಮಾತಿಲ್ಲದೆ, ಸಂಗೀತವಿಲ್ಲದೆ ತೋರಿಸಿದ್ದ. ಕಾವಲು, ಬೀಗ, ಕೊರೆಯುವ ಸದ್ದು, ಬೆವರು ಇಷ್ಟೇ. ಕೆಲಸವನ್ನು ಕೆಲಸವಾಗಿಯೇ ನೋಡುವ ಆ ಶಿಸ್ತನ್ನು ವಾರವಾರವೂ ಟೆಲಿವಿಷನ್ನಿಗೆ ತಂದು, ಅದರ ಬಹುಪಾಲನ್ನು ಒಬ್ಬನ ಕೈಗೆ ಒಪ್ಪಿಸಿದ್ದು ಗೆಲ್ಲರ್‌ನ ಸಾಧನೆ. ಕಾರಿಡಾರಿನ ಕಿಂಡಿಯ ಸ್ಕ್ರೂ ಬಿಚ್ಚುವುದು, ಗೋಡೆಯೊಳಗಿನ ವೈರು ಹುಡುಕಿ ತೊಗಟೆ ಸುಲಿಯುವುದು, ಪಕ್ಕದ ಕೋಣೆಯಲ್ಲಿ ಕಾವಲುಗಾರ ಕೆಮ್ಮಿದರೆ ಡ್ರಿಲ್ ನಿಲ್ಲಿಸಿ ಮತ್ತೆ ಶುರುಮಾಡುವುದು: ಕಂತಿನ ನಿಮಿಷಗಳು ಹೀಗೆ ಹೋಗುತ್ತವೆ. ಯಾರೂ ಏನೂ ವಿವರಿಸುವುದಿಲ್ಲ. ಶುರುವಿನಲ್ಲಿ ನಾಯಕನ ಮನೆಯಲ್ಲಿ ತಂಡ ಸೇರಿದಾಗ ಬಾರ್ನಿ ಯಾವುದೋ ಉಪಕರಣವನ್ನು ಪರೀಕ್ಷಿಸಿ ತೋರಿಸುತ್ತಾನೆ, ಆದರೆ ಅದನ್ನು ಎಲ್ಲಿ ಬಳಸುತ್ತಾರೆ ಎಂಬುದನ್ನು ನಮ್ಮಿಂದ ಮುಚ್ಚಿಡಲಾಗುತ್ತದೆ. ನಮಗೆ ಗೊತ್ತಿರುವುದು ಅದು ಕೆಲಸ ಮಾಡುತ್ತದೆ ಎಂಬುದಷ್ಟೇ. ಯಾಕೆ ಎಂಬುದು ಅವನ ಕೈಗಳನ್ನು ನೋಡುತ್ತಾ ನೋಡುತ್ತಾ ತಿಳಿಯಬೇಕು. ನೋಡುಗನ ಬುದ್ಧಿಯ ಮೇಲೆ ಇಷ್ಟು ಭರವಸೆ ಇಟ್ಟ ಧಾರಾವಾಹಿಗಳು ಆಗಲೂ ಕಡಿಮೆ, ಈಗಲೂ ಕಡಿಮೆ.

1966ರ ‘ಆಡ್ಸ್ ಆನ್ ಈವಿಲ್’ ಕಂತಿನಲ್ಲಿ ಬಾರ್ನಿಯ ಪುಟ್ಟ ಕಂಪ್ಯೂಟರ್ ಕ್ಯಾಸಿನೊದ ರೂಲೆಟ್ ಚಕ್ರದಲ್ಲಿ ಗೋಲಿ ಎಲ್ಲಿ ಬೀಳುತ್ತದೆಂದು ಊಹಿಸುತ್ತದೆ. ಇದನ್ನು ಶುದ್ಧ ಕಟ್ಟುಕಥೆ ಎಂದು ಸುಲಭವಾಗಿ ತಳ್ಳಿಹಾಕಬಹುದು. ಆದರೆ ಗಣಿತಜ್ಞ ಎಡ್ವರ್ಡ್ ಥಾರ್ಪ್ ಮತ್ತು ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್ ಇಂಥದ್ದೇ ಒಂದು ಉಪಕರಣವನ್ನು ಕಟ್ಟಿ, 1961ರಲ್ಲಿ ಲಾಸ್ ವೇಗಾಸ್‌ಗೆ ಒಯ್ದು ಪ್ರಯೋಗ ಮಾಡಿದ್ದರು. ಕಾಲ್ಬೆರಳಿನಿಂದ ಸ್ವಿಚ್ ಒತ್ತಬೇಕು, ಕಿವಿಯ ಪುಟ್ಟ ಸ್ಪೀಕರಿನಲ್ಲಿ ಉತ್ತರ ಕೇಳಬೇಕು. ಅವರನ್ನು ಕಾಡಿದ್ದು ಗಣಿತವಲ್ಲ, ಪದೇ ಪದೇ ತುಂಡಾಗುತ್ತಿದ್ದ ಸ್ಪೀಕರಿನ ವೈರು. ಬಾರ್ನಿಯ ಜಗತ್ತು ಈ ವೈರಿನ ಜಗತ್ತು. ತತ್ವ ಗಟ್ಟಿಯಾಗಿರುತ್ತದೆ, ತುಂಡಾಗುವುದು ಯಾವಾಗಲೂ ಒಂದು ವೈರು, ಒಂದು ಮೊಳೆ, ಒಂದು ಕ್ಷಣ.

ಈ ಪಾತ್ರದ ನಿಜವಾದ ಎತ್ತರ ತಿಳಿಯಬೇಕಾದರೆ ಮೊದಲ ಸೀಸನ್‌ನ ‘ದಿ ಟ್ರೇನ್’ (1967) ಕಂತಿನ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಕಥೆ ಇಷ್ಟು: ಒಂದು ದೇಶದ ವೃದ್ಧ ಪ್ರಧಾನಿ ತನ್ನ ಉತ್ತರಾಧಿಕಾರಿಯನ್ನು ನಂಬಿದ್ದಾನೆ. ಆ ಉತ್ತರಾಧಿಕಾರಿ ಸರ್ವಾಧಿಕಾರಿಯಾಗಲು ಹವಣಿಸುತ್ತಿದ್ದಾನೆ. ಅವನ ನಿಜರೂಪವನ್ನು ಪ್ರಧಾನಿಗೆ ತೋರಿಸಬೇಕು. ಅದಕ್ಕಾಗಿ ತಂಡ ಒಂದು ರೈಲು ಪ್ರಯಾಣವನ್ನೇ ಸೃಷ್ಟಿಸುತ್ತದೆ. ದೊಡ್ಡ ಗೋದಾಮಿನೊಳಗೆ ಒಂದು ಬೋಗಿ. ಅದನ್ನು ಕುಲುಕಿಸಲು ಯಂತ್ರ. ಕಿಟಕಿಗಳಾಚೆ ಪರದೆ, ಪರದೆಯ ಮೇಲೆ ಹಿಂದಕ್ಕೆ ಓಡುವ ಬಯಲು, ಹಳಿಗಳ ಸದ್ದು. ಒಳಗಿರುವವರಿಗೆ ತಾವು ಸಾಗುತ್ತಿದ್ದೇವೆ ಎಂಬ ನಂಬಿಕೆ, ಬೋಗಿ ಮಾತ್ರ ಇದ್ದಲ್ಲೇ ಇದೆ.

ಇಲ್ಲಿ ನಡೆಯುತ್ತಿರುವುದನ್ನು ನಿಧಾನವಾಗಿ ಗಮನಿಸಿ. ಆ ಕಾಲದ ಹಾಲಿವುಡ್ ರೈಲಿನ ದೃಶ್ಯಗಳನ್ನು ಚಿತ್ರಿಸುತ್ತಿದ್ದುದೇ ಹೀಗೆ: ಸ್ಟುಡಿಯೋದಲ್ಲಿ ನಿಂತ ಬೋಗಿ, ಹಿಂದಿನಿಂದ ಪರದೆಗೆ ಬೀಳಿಸಿದ ದೃಶ್ಯ, ಅಲುಗಾಡಿಸುವ ಕೆಲಸಗಾರರು. ಅಂದರೆ ಬಾರ್ನಿ ಮಾಡುತ್ತಿರುವುದು ಆ ಧಾರಾವಾಹಿಯ ತಂತ್ರಜ್ಞರು ದಿನವೂ ಮಾಡುತ್ತಿದ್ದ ಕೆಲಸವನ್ನೇ. ಸಿನಿಮಾ ತನ್ನ ಗುಟ್ಟನ್ನು ತಾನೇ ಬಿಚ್ಚಿಡುತ್ತಿದೆ. ಜಾದೂಗಾರ ಗುಟ್ಟು ಬಿಟ್ಟುಕೊಟ್ಟರೆ ಆಟ ಸಪ್ಪೆಯಾಗಬೇಕಿತ್ತು. ಇಲ್ಲಿ ಆಗುವುದು ಅದರ ಉಲ್ಟಾ. ಕ್ಯಾಮೆರಾ ಹೊರಗೆ ನಿಂತು ಪ್ರೊಜೆಕ್ಟರು, ಪರದೆ, ಕುಲುಕುವ ಯಂತ್ರ ಎಲ್ಲವನ್ನೂ ತೋರಿಸುತ್ತದೆ. ಮರುಗಳಿಗೆ ಬೋಗಿಯೊಳಕ್ಕೆ ಹೋಗುತ್ತದೆ, ಕಿಟಕಿಯಾಚೆ ಬಯಲು ಓಡುತ್ತದೆ, ನಾವೂ ಪ್ರಯಾಣಿಕರಾಗಿಬಿಡುತ್ತೇವೆ. ಈಗಷ್ಟೇ ನೋಡಿದ ಪರದೆಯ ನೆನಪು ಕಣ್ಣಿಗೆ ಅಡ್ಡ ಬರುವುದಿಲ್ಲ. ಮತ್ತೆ ಹೊರಗೆ, ಮತ್ತೆ ಒಳಗೆ. ಹೊರಗಿದ್ದಾಗ ನಮ್ಮ ಆತಂಕ ಯಂತ್ರದ್ದು: ಫಿಲ್ಮ್ ಕಡಿದರೆ? ಸದ್ದು ತಪ್ಪಿದರೆ? ಒಳಗಿದ್ದಾಗ ನಮ್ಮ ಆತಂಕ ಆ ವೃದ್ಧನದ್ದು. ಒಂದೇ ಕಂತಿನಲ್ಲಿ ಕಟ್ಟುವವನ ಭಯವನ್ನೂ ನಂಬುವವನ ಭಯವನ್ನೂ ಹೀಗೆ ಅಕ್ಕಪಕ್ಕ ಅನುಭವಿಸುವಂತೆ ಮಾಡಿದ ಕೃತಿ ಆ ದಶಕದ ಟೆಲಿವಿಷನ್‌ನಲ್ಲಿ ಇನ್ನೊಂದಿದ್ದರೆ ನಾನು ನೋಡಿಲ್ಲ.

ಈ ಎರಡು ಭಯಗಳ ನಡುವಿನ ಬಾಗಿಲು ಬಾರ್ನಿ. ಅವನ ಮುಖ ನೋಡಿ. ಗ್ರೆಗ್ ಮಾರಿಸ್ ಅದರಲ್ಲಿ ಏನನ್ನೂ ‘ಅಭಿನಯಿಸುವುದಿಲ್ಲ’. ಹುಬ್ಬು ಗಂಟಿಕ್ಕಿ ಆತಂಕ ತೋರಿಸುವುದಿಲ್ಲ, ಕೆಲಸ ಆದಾಗ ಹಲ್ಲು ಕಿರಿಯುವುದಿಲ್ಲ. ಕಣ್ಣು ಕೈಯ ಮೇಲೆ, ಕೈ ವಸ್ತುವಿನ ಮೇಲೆ. ಒಳ್ಳೆಯ ಕುಶಲಕರ್ಮಿ ಕೆಲಸದಲ್ಲಿದ್ದಾಗ ಅವನ ಮುಖ ಹಾಗೆಯೇ ಇರುತ್ತದೆ. ಅದನ್ನು ಏಳು ವರ್ಷ ಕೆಡದಂತೆ ಕಾಪಾಡಿಕೊಂಡದ್ದು ಸಣ್ಣ ನಟನ ಕೆಲಸವಲ್ಲ. ಆ ಧಾರಾವಾಹಿಯಲ್ಲಿ ಎಮ್ಮಿ ಬಾರ್ಬರಾ ಬೇನ್‌ಗೆ ಸಿಕ್ಕಿತು, ಸಿಗಬೇಕಾದದ್ದೇ. ಮಾರಿಸ್‌ನ ಸಂಯಮವನ್ನು ಮಾತ್ರ ಯಾರೂ ನಟನೆ ಎಂದು ಗುರುತಿಸಲಿಲ್ಲ.

ಈಗ ವಿಮರ್ಶಕರ ಮಾತಿಗೆ ಬರುತ್ತೇನೆ. ಬಾರ್ನಿಯ ಬಗ್ಗೆ ಎರಡು ಪಕ್ಷಗಳಿವೆ. ಮೊದಲನೆಯ ಪಕ್ಷದ ಪ್ರಕಾರ ಅವನು ಮೈಲಿಗಲ್ಲು: 1965ರಲ್ಲಿ ‘ಐ ಸ್ಪೈ’, 1966ರಲ್ಲಿ ‘ಸ್ಟಾರ್ ಟ್ರೆಕ್’ನ ನಿಶೆಲ್ ನಿಕೋಲ್ಸ್, ಅದೇ ವರ್ಷ ಬಾರ್ನಿ. ನಾಗರಿಕ ಹಕ್ಕುಗಳ ಹೋರಾಟದ ದಶಕದಲ್ಲಿ ಬಣ್ಣದ ಮಾತೇ ಎತ್ತದೆ ಕಪ್ಪು ತಜ್ಞನೊಬ್ಬನನ್ನು ಸಮಾನನಾಗಿ ತೋರಿಸಿದ್ದು ದೊಡ್ಡದು ಎಂದು ಇವರು ಹೇಳುತ್ತಾರೆ. ಎರಡನೆಯ ಪಕ್ಷದ ಪ್ರಕಾರ ಅವನು ಲೆಕ್ಕಕ್ಕೊಬ್ಬ: ಮಾತು ಕಡಿಮೆ, ಒಳಬದುಕು ಇಲ್ಲ, ಯೋಜನೆ ಹಾಕುವುದು ಬಿಳಿಯ ನಾಯಕ, ನೆಲದಡಿ ತೆವಳುವುದು ಇವನು. ಎರಡನೆಯದರಲ್ಲಿ ಸತ್ಯಾಂಶ ಇದೆ. ಯೋಜನೆ ಮೊದಲ ನಾಯಕ ಬ್ರಿಗ್ಸ್‌ನದು, ಆಮೇಲೆ ಅವನ ಜಾಗಕ್ಕೆ ಬಂದ ಫೆಲ್ಪ್ಸ್‌ನದು. ಬಾರ್ನಿಯದು ಅದರ ಅನುಷ್ಠಾನ. ಇದನ್ನು ನಾನು ಅಲ್ಲಗಳೆಯುವುದಿಲ್ಲ.

ನನ್ನ ಜಗಳ ಇರುವುದು ಇಬ್ಬರೂ ಹಿಡಿದಿರುವ ಅಳತೆಗೋಲಿನ ಜೊತೆ. ಒಬ್ಬರು ಅವನ ಉಪಸ್ಥಿತಿಯನ್ನು ಎಣಿಸುತ್ತಾರೆ, ಇನ್ನೊಬ್ಬರು ಅವನ ಮಾತುಗಳನ್ನು. ಅವನು ಮಾಡುವ ಕೆಲಸವನ್ನು ಇಬ್ಬರೂ ನೋಡುವುದಿಲ್ಲ. ಈ ಕುರುಡು ಕನ್ನಡದ ಓದುಗರಾದ ನಮಗೆ ಹೊಸದಲ್ಲ. ನವ್ಯದ ಕಾಲದಿಂದ ನಮ್ಮ ವಿಮರ್ಶೆಗೆ ಒಂದು ಅಭ್ಯಾಸ ಅಂಟಿಕೊಂಡಿದೆ: ಪಾತ್ರಕ್ಕೆ ಒಳತೋಟಿ ಇದ್ದರೆ ಮಾತ್ರ ಅದು ‘ಪೂರ್ಣ’, ಇಲ್ಲವಾದರೆ ‘ಚಪ್ಪಟೆ’. ಕೂತು ಯೋಚಿಸುವವನಿಗೆ ಮನಸ್ಸಿದೆ, ನಿಂತು ದುಡಿಯುವವನಿಗೆ ಇಲ್ಲ ಎಂಬಂತೆ. ಬುದ್ಧಿ ಎಂದರೆ ಮಾತಿನಲ್ಲಿ ಬರುವ ಬುದ್ಧಿ ಮಾತ್ರ ಎಂಬ ಈ ನಂಬಿಕೆಯ ಬೇರು ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ. ಕಮ್ಮಾರ, ಬಡಗಿ, ಚಮ್ಮಾರರ ಜ್ಞಾನವನ್ನು ಜ್ಞಾನವೆಂದೇ ಲೆಕ್ಕಿಸದ ಸಮಾಜ ನಮ್ಮದು. ಅಮೆರಿಕದ ಇತಿಹಾಸ ಬೇರೆ, ನಮ್ಮದು ಬೇರೆ, ಒಂದನ್ನು ಇನ್ನೊಂದರ ಮೇಲೆ ಹೇರಲು ನಾನು ಒಪ್ಪುವುದಿಲ್ಲ. ಆದರೆ ರಿಪೇರಿಯವನ ಸಮವಸ್ತ್ರ ತೊಟ್ಟು, ಟೂಲ್ ಪೆಟ್ಟಿಗೆ ಹಿಡಿದು ಬಾರ್ನಿ ಶತ್ರುವಿನ ಕಟ್ಟಡದೊಳಗೆ ನಡೆದುಹೋದಾಗ ಕಾವಲುಗಾರ ಅವನತ್ತ ಎರಡನೇ ಸಲ ತಿರುಗಿ ನೋಡದಿರುವುದು ಯಾಕೆ ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಕೆಲಸದವನನ್ನು ಯಾರೂ ನೋಡುವುದಿಲ್ಲ ಎಂಬುದೇ ಆ ತಂಡದ ಅತ್ಯುತ್ತಮ ಉಪಕರಣ. ಅದನ್ನೇ ವಾರವಾರವೂ ಹತ್ತಿರದಿಂದ ತೋರಿಸುತ್ತಿದ್ದ ಧಾರಾವಾಹಿಯ ಮುಂದೆ ಕೂತು, ವಿಮರ್ಶಕರೂ ಆ ಕಾವಲುಗಾರರ ಹಾಗೆಯೇ ಮುಖ ತಿರುಗಿಸಿದರು.

ಸಿನಿಮಾಗಳು ಈ ಪಾತ್ರಕ್ಕೆ ಮಾಡಿದ್ದನ್ನು ನೋಡಿದರೆ ಕಳೆದುಹೋದದ್ದು ಏನೆಂದು ತಿಳಿಯುತ್ತದೆ. 1996ರ ಚಿತ್ರದಲ್ಲಿ ಬ್ರಯನ್ ಡಿ ಪಾಲ್ಮಾ ಸಿಐಎ ಕಚೇರಿಯ ಕೋಣೆಯೊಳಕ್ಕೆ ಇಳಿಯುವ ನಿಶ್ಶಬ್ದ ದೃಶ್ಯವನ್ನು ಅದ್ಭುತವಾಗಿ ಕಟ್ಟಿದ. ಡಸ್ಸಿನ್‌ನ ಋಣ ಅದರಲ್ಲಿ ಎದ್ದು ಕಾಣುತ್ತದೆ. ಆದರೆ ಹಗ್ಗದ ತುದಿಯಲ್ಲಿ ಇರುವುದು ನಾಯಕ. ತಂತ್ರಜ್ಞ ಲೂಥರ್, ಅಂದರೆ ವಿಂಗ್ ರೇಮ್ಸ್, ಹೊರಗೆ ಕಂಪ್ಯೂಟರಿನ ಮುಂದೆ. 2006ರಲ್ಲಿ ಬಂದ ಸೈಮನ್ ಪೆಗ್‌ನ ಬೆಂಜಿಯ ಕೈಯಲ್ಲಂತೂ ಈ ಕಸುಬು ಕೀಬೋರ್ಡ್ ಕುಟ್ಟುವುದಕ್ಕೆ ಇಳಿಯಿತು. ಪೆಗ್ ಒಳ್ಳೆಯ ನಟ, ಪ್ರೇಕ್ಷಕರಿಗೆ ಪ್ರಿಯ. ಆದರೂ ಕೀಲಿ ಒತ್ತಿದೊಡನೆ ಬಾಗಿಲು ತೆರೆಯುವ ಕಡೆ ಕೆಲಸ ಎಂಬುದು ಕಾಣುವುದೇ ಇಲ್ಲ. ಎಲ್ಲಿ ತಡವರಿಸಬಹುದು, ಎಲ್ಲಿ ಜಾರಬಹುದು ಎಂದು ನೋಡುಗನಿಗೆ ಗೊತ್ತಾಗದಿದ್ದರೆ ಅವನು ಕಾಯುವುದಾದರೂ ಏನನ್ನು? ಆ ಖಾಲಿ ಜಾಗವನ್ನು ಹಾಸ್ಯದಿಂದ ತುಂಬಬೇಕಾಯಿತು. ಜಾಣ ತಂತ್ರಜ್ಞ ಎಂದರೆ ಗಾಬರಿಬಿದ್ದು ಚಟಾಕಿ ಹಾರಿಸುವವನು ಎಂಬ ಅಚ್ಚು ಈಗ ಎಲ್ಲ ಸಾಹಸ ಚಿತ್ರಗಳಿಗೂ ಹಬ್ಬಿದೆ. 2025ರ ಚಿತ್ರದಲ್ಲಿ ಲೂಥರ್‌ಗೆ ಒಂದು ಬಾಂಬಿನ ಮುಂದೆ ಕೂರುವ ಗಂಭೀರ ಗಳಿಗೆ ಸಿಕ್ಕಿತು. ಸುಮಾರು ಮೂವತ್ತು ವರ್ಷಗಳ ಸರಣಿಯಲ್ಲಿ ಅದು ತಡವಾಗಿ ಬಂದ ಗೌರವ.

ಬಾರ್ನಿಯ ಅಭಿಮಾನಿಗಳ ಜೊತೆಗೂ ನನಗೆ ಒಂದು ಭಿನ್ನಮತವಿದೆ. ಅವರು ಅವನ ಅತ್ಯುತ್ತಮ ಕಂತೆಂದು ಎತ್ತಿಹಿಡಿಯುವುದು 1971ರ ‘ಕ್ಯಾಟ್ಸ್ ಪಾ’. ಅದರಲ್ಲಿ ಬಾರ್ನಿಯ ಪತ್ರಕರ್ತ ಸಹೋದರ ಕೊಲೆಯಾಗುತ್ತಾನೆ, ಬಾರ್ನಿ ಕಥೆಯ ನಡುವಿಗೆ ಬರುತ್ತಾನೆ, ದುಃಖ, ಸಿಟ್ಟು, ಆಕರ್ಷಣೆ ಎಲ್ಲ ಅವನ ಪಾಲಿಗೆ ಬರುತ್ತವೆ. ಜೊತೆಗೆ ಹೆಸರಾಂತ ಜಾಝ್ ಗಾಯಕಿ ಆಬಿ ಲಿಂಕನ್ ನಟಿಸಿದ್ದಾರೆ. ಮಾರಿಸ್‌ಗೆ ಇಂಥ ಅವಕಾಶ ಸಿಕ್ಕಿದ್ದು ನ್ಯಾಯವೇ. ಆದರೆ ಕಂತಾಗಿ ಅದು ಸಾಮಾನ್ಯ. ಒಳಬದುಕು ಕೊಡುವ ಭರದಲ್ಲಿ ಬರಹಗಾರರು ಅವನ ಕೈಯನ್ನು ಬದಿಗಿಟ್ಟರು. ಸಹೋದರನನ್ನು ಕಳೆದುಕೊಂಡವನ ಕೈ ಸ್ಕ್ರೂಡ್ರೈವರ್ ಹಿಡಿದಾಗ ನಡುಗುತ್ತದೆಯೋ, ಎಂದಿಗಿಂತ ನಿಶ್ಚಲವಾಗುತ್ತದೆಯೋ? ಆ ಒಂದು ಶಾಟ್ ಸಾಕಾಗಿತ್ತು. ಅದರ ಬದಲು ಯಾವುದೇ ಅಪರಾಧ ಧಾರಾವಾಹಿಯ ನಾಯಕನಿಗೆ ಸಿಗಬಹುದಾದ ಸಂಭಾಷಣೆಗಳನ್ನು ಅವನಿಗೆ ಕೊಟ್ಟರು. 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಚಿತ್ರೀಕರಿಸಿದ ಹೊಸ ಆವೃತ್ತಿಯಲ್ಲಿ ಮಾರಿಸ್‌ನ ನಿಜಜೀವನದ ಮಗ ಫಿಲ್ ಮಾರಿಸ್, ಬಾರ್ನಿಯ ಮಗ ಗ್ರಾಂಟ್ ಆಗಿ ಬಂದ. ಅಲ್ಲೂ ಇದೇ ತಪ್ಪು. ಅಪ್ಪನ ಕಸುಬು ಮಗನಿಗೆ ಬಂದಿದೆ ಎಂದು ಹೇಳಿದರೇ ಹೊರತು, ಅದು ಒಂದು ಕೈಯಿಂದ ಇನ್ನೊಂದು ಕೈಗೆ ಹೇಗೆ ದಾಟಿತು ಎಂದು ತೋರಿಸಲಿಲ್ಲ. ಹೊಸಬರು ಬಾರ್ನಿಯನ್ನು ಎಲ್ಲಿಂದ ನೋಡಲಿ ಎಂದು ಕೇಳಿದರೆ ನಾನು ‘ಕ್ಯಾಟ್ಸ್ ಪಾ’ ಹೇಳುವುದಿಲ್ಲ. ‘ದಿ ಟ್ರೇನ್’ ನೋಡಲಿ, ಆಮೇಲೆ ಅದೇ ಉಪಾಯವನ್ನು ಜಲಾಂತರ್ಗಾಮಿಗೆ ಹೊಂದಿಸಿದ 1969ರ ‘ಸಬ್‌ಮರೀನ್’ ನೋಡಲಿ. ಮಾತು ಮುಗಿದು ಕೆಲಸ ಶುರುವಾದಾಗ ಫಾಸ್ಟ್ ಫಾರ್ವರ್ಡ್ ಒತ್ತದಿರಲಿ.